ಕೋಟೆ ಗೋಡೆಯ ಕೋತಿರಾಜ (ಹತ್ತಿದವರ ಕತೆ, ಭಾಗ 3)

ನಮ್ಮ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನ ಮೆಟ್ಟಿಲಲ್ಲಿ ಹತ್ತೋಕೇ ನಾವು ನಾಲ್ಕು ಕಡೆ ಕೂತು ನೀರು ಕುಡೀತೀವಿ. ಮೆಟ್ಟಿಲಿಲ್ಲದೆ, ಹಗ್ಗವೂ ಇಲ್ಲದೆ ಚಿತ್ರದುರ್ಗದ ಕೋಟೆ ಗೋಡೆ ಹತ್ತಿ ಹೆಸರಾದವರು ಜ್ಯೋತಿರಾಜ್. ಜನ ಕರೆಯೋದು ಕೋತಿರಾಜ್ ಅಂತ.

ಹುಟ್ಟಿದ್ದು ತಮಿಳುನಾಡಿನ ಥೇಣಿ ಕಡೆ. ಚಿಕ್ಕವರಿದ್ದಾಗಲೇ ಮನೆಯಿಂದ ದೂರಾಗಿ ಕರ್ನಾಟಕಕ್ಕೆ ಬಂದರು, ಗಾರೆ ಕೆಲಸ ಮಾಡಿದರು. ಅವರೇ ಹೇಳಿಕೊಂಡಿರೋ ಹಾಗೆ, ಬದುಕೇ ಸಾಕು ಅನ್ನಿಸಿ ಒಂದು ದಿನ ಬಂಡೆ ಹತ್ತಿರ ಹೋಗಿದ್ದಾಗ ಕೋತಿಯೊಂದು ಅದನ್ನ ಸಲೀಸಾಗಿ ಏರೋದು ಕಣ್ಣಿಗೆ ಬಿತ್ತಂತೆ. ಅವತ್ತಿಂದ ಕೋತಿಗಳೇ ಮೇಷ್ಟ್ರು. ಕೋಚ್ ಇಲ್ಲ, ಶೂ ಇಲ್ಲ.

ಆ ಗೋಡೆ ಎಂಥದ್ದು ಅಂತ ಸ್ವಲ್ಪ ಯೋಚ್ನೆ ಮಾಡಿ. ಏಳು ಸುತ್ತಿನ ಕೋಟೆ. ಪಾಳೇಗಾರರು ಕಟ್ಟಿಸಿದ್ದೇ ಯಾರೂ ಹತ್ತಬಾರದು ಅಂತ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಕಿಂಡಿಯಲ್ಲಿ ನುಸುಳಿ ಓಬವ್ವನ ಒನಕೆಗೆ ಸಿಕ್ಕರು ಅನ್ನೋ ಕತೆ ಇದೆಯಲ್ಲ, ಗೋಡೆ ಹತ್ತೋಕಾಗಿದ್ರೆ ಕಿಂಡಿ ಯಾಕೆ ಬೇಕಿತ್ತು? 1779ರಲ್ಲಿ ಕೋಟೆ ಹೈದರನ ಕೈಸೇರಿತು, ಅದು ಬೇರೆ ಮಾತು. ಅದೇ ಗೋಡೆಯ ಕಲ್ಲು ಕಲ್ಲಿನ ನಡುವಿನ ಸಂದಿಗೆ ಬೆರಳ ತುದಿ ಸಿಕ್ಕಿಸಿ ಈ ಮನುಷ್ಯ ಮೇಲೆ ಹೋಗ್ತಾರೆ! (ಯಾರೂ ಟ್ರೈ ಮಾಡ್ಬೇಡಿ, ಪ್ಲೀಸ್.)

2017ರಲ್ಲಿ ಅಮೆರಿಕದ ಅಲೆಕ್ಸ್ ಹೊನೊಲ್ಡ್ ಹಗ್ಗವಿಲ್ಲದೆ ಎಲ್ ಕ್ಯಾಪಿಟನ್ ಬಂಡೆ ಹತ್ತಿದ. ಸುಮಾರು 900 ಮೀಟರ್. ಅದರ ಡಾಕ್ಯುಮೆಂಟರಿಗೆ ಆಸ್ಕರ್ ಬಂತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲ್ಲ, ಬಂಡೆ ಬೇರೆ, ಕಷ್ಟ ಬೇರೆ. ಆದ್ರೆ ಬಿಕಾಂ ತಲೆಗೆ ಬರೋ ಪ್ರಶ್ನೆ ಇದು: ಅಲ್ಲಿ ಹತ್ತೋದು ವೃತ್ತಿ, ಹಿಂದೆ ಸ್ಪಾನ್ಸರ್ ಕಂಪನಿಗಳು ನಿಂತಿರ್ತವೆ. ಇಲ್ಲಿ ಕೋಟೆ ನೋಡೋಕೆ ಬಂದ ನಾವು ಚಪ್ಪಾಳೆ ತಟ್ಟಿ, ವಿಡಿಯೋ ಮಾಡ್ಕೊಂಡು, ಮನಸ್ಸಿದ್ರೆ ಹತ್ತು ಇಪ್ಪತ್ತು ರೂಪಾಯಿ ಕೊಟ್ಟು ಬಸ್ ಹತ್ತಿದ್ವಿ. 2014ರಲ್ಲಿ ಅವರ ಮೇಲೆ ಸಿನಿಮಾನೂ ಬಂತು, 'ಜ್ಯೋತಿ ಅಲಿಯಾಸ್ ಕೋತಿರಾಜ್'. ನಮ್ಮಲ್ಲಿ ಎಷ್ಟು ಜನ ನೋಡಿದ್ದೀವಿ?

ನನಗೆ ಗೋಡೆಗಿಂತ ದೊಡ್ಡದು ಅನ್ನಿಸೋದು ಜೋಗ. 253 ಮೀಟರ್ ಆಳದ, ಪಾಚಿ ಕಟ್ಟಿದ ಆ ಬಂಡೆ ಹತ್ತಿದ್ದು ಮಾತ್ರ ಅಲ್ಲ, ಕೆಳಗೆ ಬಿದ್ದವರ ಶವ ಹುಡುಕೋಕೂ ಅವರು ಇಳೀತಿದ್ರು. 2018ರ ಫೆಬ್ರವರಿಯಲ್ಲಿ ಹಾಗೇ ಇಳಿದವರು ಮೇಲೆ ಬರಲಿಲ್ಲ. ಕೋತಿರಾಜ್ ನಾಪತ್ತೆ ಅಂತ ಸುದ್ದಿ ಹಬ್ಬಿತು. ಮಾರನೇ ದಿನ ಜೀವಂತವಾಗಿ ಸಿಕ್ಕರು.

ಅವರು ಹೇಳ್ಕೊಂಡಿದ್ದ ಕನಸು ವೆನೆಜುವೆಲಾದ ಏಂಜೆಲ್ ಜಲಪಾತ ಹತ್ತೋದು. ಎತ್ತರ 979 ಮೀಟರ್.