ಸಾಮಾನ್ಯ ಬಳಕೆದಾರರ ಮೌಂಟ್ ಅಧಿಕಾರ ಮತ್ತು ಸೆಟ್‌ಯುಐಡಿ ಬಿಟ್: ಒಂದು ಟಿಪ್ಪಣಿ

1. ವ್ಯಾಪ್ತಿ
ಲಿನಕ್ಸ್‌ನಲ್ಲಿ ರೂಟ್ ಅಲ್ಲದವರಿಗೆ ಡ್ರೈವ್ ಮೌಂಟ್ ಮಾಡಲು ಬಿಟ್ಟರೆ ಅಪಾಯ ಬರುವುದು ಎಲ್ಲಿಂದ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಮೌಂಟ್ ಕ್ರಿಯೆಗಿಂತ ಡ್ರೈವಿನೊಳಗಿನ, ಸೆಟ್‌ಯುಐಡಿ ಬಿಟ್ ಇರುವ ಕಡತಗಳೇ ಮುಖ್ಯ ಕಾರಣವೆಂದು ತೋರುತ್ತದೆ. ಅಂಥ ಪ್ರೋಗ್ರಾಂ, ಯಾರೇ ಓಡಿಸಲಿ, ಕಡತದ ಒಡೆಯನ ಅಧಿಕಾರದಲ್ಲಿ ಓಡುತ್ತದೆ. ಸ್ವಂತ ಯಂತ್ರದಲ್ಲಿ ರೂಟ್ ಆಗಿರುವವರು ಅದನ್ನು ಯುಎಸ್‌ಬಿಯಲ್ಲಿ ಸಿದ್ಧಪಡಿಸಿ ತರಬಹುದು.

2. ಕಾಲನಿರ್ಣಯ
ಈ ಬಿಟ್ ಎಷ್ಟು ಹಳೆಯದು? ಯೂನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಡೆನಿಸ್ ರಿಚಿಯವರ ಸೆಟ್‌ಯುಐಡಿ ಪೇಟೆಂಟಿನ ಅರ್ಜಿ 1973ರದು, ಮಂಜೂರಾತಿ 1979ರದು. ಆದರೆ 3 ನವೆಂಬರ್ 1971ರ ಮೊದಲ ಯೂನಿಕ್ಸ್ ಕೈಪಿಡಿಯಲ್ಲೇ ಈ ಬಿಟ್ ಇದೆ. ಪೇಟೆಂಟಿನ ವರ್ಷವನ್ನು ಹುಟ್ಟಿದ ವರ್ಷವೆಂದು ಎಣಿಸಲಾಗದು.

3. ಎಫ್‌ಎಸ್‌ಟ್ಯಾಬ್ ಆಯ್ಕೆಗಳು
ಯಾವ ಡ್ರೈವ್ ಹೇಗೆ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ, ಸಾಮಾನ್ಯ ಬಳಕೆದಾರರಿಗೆ ಮೌಂಟ್ ಅಧಿಕಾರ ಕೊಡುವ ಆಯ್ಕೆಗಳ ನಡುವಿನ ವ್ಯತ್ಯಾಸ ಸೂಕ್ಷ್ಮವಾದುದು. ‘ಯೂಸರ್’ ಎಂದು ಬರೆದರೆ ನೋಎಕ್ಸೆಕ್ (ಪ್ರೋಗ್ರಾಂ ಓಡಿಸಲು ಬಿಡದು), ನೋಸುಯಿಡ್ (ಸೆಟ್‌ಯುಐಡಿ ಬಿಟ್ ಕಡೆಗಣಿಸುತ್ತದೆ), ನೋಡೆವ್ (ಸಾಧನ ಕಡತಗಳನ್ನು ಕಡೆಗಣಿಸುತ್ತದೆ) ಮೂರೂ ತಾವಾಗಿಯೇ ಸೇರುತ್ತವೆ. ಅನ್‌ಮೌಂಟ್ ಮಾಡುವ ಹಕ್ಕು, ರೂಟ್ ಬಿಟ್ಟರೆ, ಮೌಂಟ್ ಮಾಡಿದವರಿಗೆ ಮಾತ್ರ. ‘ಯೂಸರ್ಸ್’ ಎಂದರೆ ಆ ಹಕ್ಕು ಎಲ್ಲರದು. ಸಾಧನದ ಒಡೆಯನಿಗೆ ಮಾತ್ರ ಮೌಂಟ್ ಮಾಡಲು ಬಿಡುವ ‘ಓನರ್’ನಲ್ಲಿ ಕೊನೆಯ ಎರಡು ನಿರ್ಬಂಧಗಳಷ್ಟೇ ಇವೆ, ನೋಎಕ್ಸೆಕ್ ಇಲ್ಲ. ಸಾಲಿನಲ್ಲಿ ಮುಂದೆ ‘ಸುಯಿಡ್’ ಎಂದು ಬರೆದರೆ ನೋಸುಯಿಡ್ ರದ್ದಾಗುತ್ತದೆ, ಆದ್ದರಿಂದ ಆಯ್ಕೆಗಳ ಅನುಕ್ರಮವನ್ನೂ ಓದಬೇಕು. ಇಂದಿನ ಡೆಸ್ಕ್‌ಟಾಪ್‌ಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಯುಡಿಸ್ಕ್ಸ್ ಎಂಬ ಹಿನ್ನೆಲೆ ಸೇವೆಯದು. ಅದೂ ನೋಸುಯಿಡ್, ನೋಡೆವ್ ಹಾಕಿಯೇ ಮೌಂಟ್ ಮಾಡುತ್ತದೆ.

4. ಗ್ರೋನಿಂಗನ್‌ನ ಒಂದು ಸಾಕ್ಷ್ಯ
ನೋಸುಯಿಡ್ ಮೇಲಿನ ಅವಲಂಬನೆ ಬೇರೆ ಉಪಕರಣಗಳಲ್ಲೂ ಕಾಣುತ್ತದೆ. ಗ್ರೋನಿಂಗನ್ ವಿಶ್ವವಿದ್ಯಾಲಯದ ಫ್ರಾಂಕ್ ಬ್ರೊಕ್ಕೆನ್ ಬರೆದ ‘ಸ್ಟೆಲ್ತ್’, ಪ್ರತ್ಯೇಕ ಯಂತ್ರವೊಂದರಿಂದ ಎಸ್‌ಎಸ್‌ಎಚ್ ಮೂಲಕ ಇನ್ನೊಂದು ಯಂತ್ರದ ಕಡತಗಳ ಚೆಕ್‌ಸಮ್ ತಾಳೆ ನೋಡುತ್ತದೆ. ಅದರ ಕೈಪಿಡಿ ಕೊಡುವ ಉದಾಹರಣೆಯಲ್ಲಿ ಸೆಟ್‌ಯುಐಡಿ ಕಡತಗಳ ಹುಡುಕಾಟ ‘ಎಕ್ಸ್‌ಡೆವ್’ ಆಯ್ಕೆಯಿಂದ ರೂಟ್ (/) ವಿಭಾಗಕ್ಕೆ ಸೀಮಿತವಾಗಿದೆ. ಅಂದರೆ ಬಳಕೆದಾರರು ಮೌಂಟ್ ಮಾಡಿದ ಡ್ರೈವ್ ಆ ಹುಡುಕಾಟದ ಹೊರಗೆ ಉಳಿಯುತ್ತದೆ. ಇದನ್ನು ದೋಷವೆನ್ನಲಾಗದು: ನೋಸುಯಿಡ್ ಜಾರಿಯಲ್ಲಿರುವವರೆಗೆ ಅಲ್ಲಿನ ಬಿಟ್ ನಿಷ್ಕ್ರಿಯ. ಆದರೆ ಎಕ್ಸ್‌ಡೆವ್‌ನ ಸುರಕ್ಷತೆ ನೋಸುಯಿಡ್ ಮೇಲೆ ನಿಂತಿದೆ ಎಂಬುದು ಆ ಒಂದು ಸಾಲಿನಿಂದ ಗೊತ್ತಾಗುವುದಿಲ್ಲ.

5. 2025ರ ಅಪವಾದ
ಜೂನ್ 2025ರಲ್ಲಿ ಭದ್ರತಾ ಸಂಸ್ಥೆ ಕ್ವಾಲಿಸ್ ಪ್ರಕಟಿಸಿದ ಸಿವಿಇ-2025-6019 ಎಂಬ ದೋಷ ಈ ಅವಲಂಬನೆಗೆ ನೇರವಾಗಿ ಸಂಬಂಧಿಸಿದೆ. ಎಕ್ಸ್‌ಎಫ್‌ಎಸ್ ಕಡತವ್ಯವಸ್ಥೆಯ ಗಾತ್ರ ಬದಲಿಸುವಾಗ, ಯುಡಿಸ್ಕ್ಸ್ ಬಳಸುವ ಲಿಬ್‌ಬ್ಲಾಕ್‌ಡೆವ್ ಲೈಬ್ರರಿ ಅದನ್ನು ತಾತ್ಕಾಲಿಕವಾಗಿ ಮೌಂಟ್ ಮಾಡುತ್ತಿತ್ತು, ನೋಸುಯಿಡ್ ಇಲ್ಲದೆ. ಯಂತ್ರದ ಮುಂದೆ ಕುಳಿತ ಬಳಕೆದಾರರೆಂದು ವ್ಯವಸ್ಥೆ ಗುರುತಿಸಿದವರು ಯುಡಿಸ್ಕ್ಸ್ ಮೂಲಕ ಇದನ್ನು ಬಳಸಿ ರೂಟ್ ಆಗಬಹುದಿತ್ತು. ತಿದ್ದುಪಡಿ ಚಿಕ್ಕದು: ತಾತ್ಕಾಲಿಕ ಮೌಂಟ್‌ಗೂ ನೋಸುಯಿಡ್, ನೋಡೆವ್.