ನೈಟ್ರಿಕ್ ಆಕ್ಸೈಡ್: ಜೀವಕೋಶ ಸಂದೇಶವಾಹಕದ ಶೋಧ

ಒಂದು ನೈಟ್ರೋಜನ್, ಒಂದು ಆಕ್ಸಿಜನ್ ಪರಮಾಣು ಸೇರಿ ಆಗುವ ಬಣ್ಣವಿಲ್ಲದ ಅನಿಲ ನೈಟ್ರಿಕ್ ಆಕ್ಸೈಡ್. ಜೋಸೆಫ್ ಪ್ರೀಸ್ಟ್ಲಿ 1772ರಲ್ಲೇ ಇದನ್ನು ವಿವರಿಸಿದ್ದ. ವಾಹನಗಳ ಹೊಗೆಯಲ್ಲಿರುವ ಈ ವಿಷಾನಿಲವನ್ನು ದೇಹವೇ ತಯಾರಿಸಿ ಬಳಸುತ್ತದೆ ಎಂಬುದು ಖಚಿತವಾದದ್ದು ಮಾತ್ರ 1980ರ ದಶಕದಲ್ಲಿ.

ಇಲ್ಲಿ ಮದ್ದು ಮೊದಲು ಬಂತು, ಕಾರಣ ಬಹಳ ತಡವಾಗಿ ತಿಳಿಯಿತು. 1847ರಲ್ಲಿ ನೈಟ್ರೊಗ್ಲಿಸರಿನ್ ತಯಾರಿಸಿದ ಇಟಲಿಯ ಸೊಬ್ರೆರೊ, ಅದನ್ನು ನಾಲಿಗೆಗೆ ಸೋಕಿಸಿದರೆ ತಲೆ ಸಿಡಿಯುತ್ತದೆ ಎಂದು ಬರೆದಿಟ್ಟ. ಲಂಡನ್ನಿನ ವೈದ್ಯ ವಿಲಿಯಂ ಮರೆಲ್ 1879ರಲ್ಲಿ ಅದನ್ನೇ ಹೃದಯದ ಎದೆನೋವಿಗೆ ಕೊಟ್ಟು ಫಲ ಕಂಡ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಸುಮಾರು ನೂರು ವರ್ಷ ಸರಿಯಾದ ಉತ್ತರವಿರಲಿಲ್ಲ. 1977ರಲ್ಲಿ ಫೆರಿದ್ ಮುರಾದ್, ಇಂಥ ಔಷಧಗಳಿಂದ ಬಿಡುಗಡೆಯಾಗುವ ನೈಟ್ರಿಕ್ ಆಕ್ಸೈಡ್ ಗ್ವಾನಿಲೇಟ್ ಸೈಕ್ಲೇಸ್ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ ಎಂದು ತೋರಿಸಿದರು. ಆಗ ಹೆಚ್ಚುವ ಸೈಕ್ಲಿಕ್ ಜಿಎಂಪಿ ರಕ್ತನಾಳದ ಸ್ನಾಯುವನ್ನು ಸಡಿಲಿಸುತ್ತದೆ.

ಇನ್ನೊಂದು ಸುಳಿವು ಬ್ರೂಕ್ಲಿನ್‌ನಲ್ಲಿ ಸಿಕ್ಕಿತು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಜೀವಂತ ದೇಹದಲ್ಲಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ರಾಬರ್ಟ್ ಫರ್ಚ್‌ಗಾಟ್ ಕತ್ತರಿಸಿಟ್ಟ ಮೊಲದ ಮಹಾಪಧಮನಿಯ ಪಟ್ಟಿಗಳನ್ನಾದರೋ ಅದು ಕುಗ್ಗಿಸುತ್ತಿತ್ತು. ಪಟ್ಟಿ ಸಿದ್ಧಪಡಿಸುವಾಗ ನಾಳದ ಒಳಪದರ ಉಜ್ಜಿಹೋಗುತ್ತಿದ್ದುದೇ ಇದಕ್ಕೆ ಕಾರಣ. ಒಳಪದರ ಉಳಿದಿದ್ದರೆ ಪಟ್ಟಿ ಸಡಿಲಗೊಳ್ಳುತ್ತಿತ್ತು. ಅಂದರೆ ಆ ಪದರ ಯಾವುದೋ ಸಂದೇಶ ಕಳುಹಿಸುತ್ತಿತ್ತು. 1980ರ ಈ ವರದಿಯೇ ಇಡೀ ಇತಿಹಾಸದ ತಿರುವು. ಆ ಸಂದೇಶ ಒಯ್ಯುವ ವಸ್ತು ನೈಟ್ರಿಕ್ ಆಕ್ಸೈಡೇ ಎಂದು ಫರ್ಚ್‌ಗಾಟ್ ಮತ್ತು ಲೂಯಿಸ್ ಇಗ್ನಾರೊ 1986ರಲ್ಲಿ ಬೇರೆಬೇರೆಯಾಗಿ ಸೂಚಿಸಿದರು. ಮರುವರ್ಷ ಸಾಲ್ವಡೋರ್ ಮೊಂಕಾಡಾ ತಂಡವೂ ಇಗ್ನಾರೊ ತಂಡವೂ ಅದಕ್ಕೆ ಪುರಾವೆ ಒದಗಿಸಿದವು. 1998ರ ನೊಬೆಲ್ ಮುರಾದ್, ಫರ್ಚ್‌ಗಾಟ್, ಇಗ್ನಾರೊ ಅವರಿಗೆ ಸಂದಿತು. ಮೊಂಕಾಡಾ ಹೊರಗುಳಿದದ್ದಕ್ಕೆ ಎದ್ದ ಆಕ್ಷೇಪ ನ್ಯಾಯವಾದದ್ದೇ.

ಈ ಅಣುವಿನ ನಡತೆ ಅದರ ರಚನೆಯಿಂದಲೇ ಬಂದದ್ದು. ಅದರಲ್ಲಿ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇದೆ, ವಿದ್ಯುದಂಶವಿಲ್ಲ, ಗಾತ್ರವೂ ಪುಟ್ಟದು. ಹೀಗಾಗಿ ಕೋಶಪೊರೆಯನ್ನು ಸಲೀಸಾಗಿ ದಾಟಿ, ಒಳಗಿರುವ ಕಿಣ್ವದ ಹೀಮ್ ಕಬ್ಬಿಣಕ್ಕೆ ನೇರವಾಗಿ ಅಂಟುತ್ತದೆ. ಕೂಡಿಡಲಾಗದ ಈ ಅಣುವನ್ನು ಬೇಕೆಂದಾಗ ಅರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ತಯಾರಿಸಿಕೊಳ್ಳಬೇಕು. ಈ ಕೆಲಸಕ್ಕೆ ಮೂರು ಬಗೆಯ ಕಿಣ್ವಗಳಿವೆ. ನರಕೋಶಗಳಲ್ಲೂ ನಾಳದ ಒಳಪದರದಲ್ಲೂ ಇರುವ ಎರಡು, ಕ್ಯಾಲ್ಸಿಯಂ ಏರಿದಾಗ ಸ್ವಲ್ಪಸ್ವಲ್ಪವೇ ತಯಾರಿಸುತ್ತವೆ. ಸೋಂಕು ತಗಲಿದಾಗ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳಲ್ಲಿ ಮೂಡುವ ಮೂರನೆಯದು ರೋಗಾಣುಗಳ ವಿರುದ್ಧ ಧಾರಾಳವಾಗಿ ತಯಾರಿಸುತ್ತದೆ.

ಈ ಸಂದೇಶದ ಹಾದಿ ಚಿಕಿತ್ಸೆಗೂ ನೆರವಾಗಿದೆ. ಸೈಕ್ಲಿಕ್ ಜಿಎಂಪಿ ಬೇಗ ಒಡೆಯದಂತೆ ತಡೆಯುವ ಸಿಲ್ಡೆನಾಫಿಲ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ದೊರೆಯಿತು. ಮರುವರ್ಷ, ಶ್ವಾಸಕೋಶದ ಅಧಿಕ ರಕ್ತದೊತ್ತಡದಿಂದ ಉಸಿರು ಕಟ್ಟುವ ನವಜಾತ ಶಿಶುಗಳಿಗೆ ನೈಟ್ರಿಕ್ ಆಕ್ಸೈಡ್ ಅನಿಲವನ್ನೇ ಉಸಿರಿನೊಂದಿಗೆ ಕೊಡಲು ಅನುಮತಿ ಸಿಕ್ಕಿತು. ಅದು ರಕ್ತಕ್ಕಿಳಿದೊಡನೆ ಹಿಮೋಗ್ಲೋಬಿನ್ ಹಿಡಿದು ನಿಷ್ಕ್ರಿಯಗೊಳಿಸುವುದರಿಂದ, ಶ್ವಾಸಕೋಶದ ನಾಳಗಳು ಹಿಗ್ಗಿದರೂ ಉಳಿದ ದೇಹದ ರಕ್ತದೊತ್ತಡ ಕುಸಿಯುವುದಿಲ್ಲ.