ಜಾನ್ ವೆಸ್ಲಿ ಪೊವೆಲ್: ಒಂದೇ ಕೈಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ದಾಟಿದ ಭೂವಿಜ್ಞಾನಿ

ಅಮೆರಿಕದ ಕೊಲೊರಾಡೊ ನದಿ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರದೊಳಗೆ ಹೇಗೆ ಹರಿಯುತ್ತದೆ ಎಂಬುದು 1869ರವರೆಗೆ ಸರ್ಕಾರದ ನಕ್ಷೆಯಲ್ಲಿ ಇರಲಿಲ್ಲ. ತಲೆಮಾರುಗಳಿಂದ ಅಲ್ಲೇ ಬದುಕುತ್ತಿದ್ದ ಮೂಲನಿವಾಸಿಗಳಿಗೆ ಕಂದರ ಹೊಸದೇನಲ್ಲ. ದೋಣಿಯಲ್ಲಿ ಅದನ್ನು ದಾಟಿ ಅಳೆದು ಬರೆದವರು ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ (1834-1902).

ನ್ಯೂಯಾರ್ಕ್ ರಾಜ್ಯದ ಮೌಂಟ್ ಮೋರಿಸ್‌ನಲ್ಲಿ ಜನಿಸಿದ ಪೊವೆಲ್ ಅವರ ತಂದೆ ಮೆಥಡಿಸ್ಟ್ ಬೋಧಕರು, ಗುಲಾಮಗಿರಿಯ ವಿರೋಧಿ. ಹಲವು ಕಾಲೇಜುಗಳಿಗೆ ಸೇರಿದರೂ ಪೊವೆಲ್ ಪದವಿ ಪಡೆಯಲಿಲ್ಲ. ಅಂತರ್ಯುದ್ಧದಲ್ಲಿ ಉತ್ತರದ ಸೇನೆ ಸೇರಿದ ಅವರಿಗೆ 1862ರ ಏಪ್ರಿಲ್‌ನಲ್ಲಿ ಶೈಲೋ ಕದನದಲ್ಲಿ ಗುಂಡು ತಗುಲಿ, ಬಲಗೈಯ ಹೆಚ್ಚಿನ ಭಾಗ ಕತ್ತರಿಸಬೇಕಾಯಿತು. ಆದರೂ ಅವರು ಮತ್ತೆ ಸೇನೆಗೆ ಮರಳಿದರು. ಯುದ್ಧ ಮುಗಿದ ಮೇಲೆ ಇಲಿನಾಯ್‌ನಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾದರು.

1869ರ ಮೇ 24ರಂದು ವಯೋಮಿಂಗ್‌ನ ಗ್ರೀನ್ ರಿವರ್ ನಿಲ್ದಾಣದಿಂದ ನಾಲ್ಕು ದೋಣಿಗಳಲ್ಲಿ 10 ಜನ ಹೊರಟರು. ಹತ್ತು ತಿಂಗಳಿಗಾಗುವಷ್ಟು ಆಹಾರ ಜತೆಗಿತ್ತು. ಪೊವೆಲ್ ಮುಂದಿದ್ದ ದೋಣಿಗೆ ಪತ್ನಿ ಎಮ್ಮಾ ಡೀನ್ ಅವರ ಹೆಸರಿಟ್ಟಿದ್ದರು. ಎರಡೇ ವಾರಗಳಲ್ಲಿ ಲೊಡೋರ್ ಕಂದರದ ಬಂಡೆಗಳಿಗೆ ಬಡಿದು ಒಂದು ದೋಣಿ ನುಚ್ಚುನೂರಾಯಿತು. ಅದರ ಅವಶೇಷದಿಂದ ಸಿಕ್ಕಿದ್ದು ಎತ್ತರ ಅಳೆಯುವ ವಾಯುಭಾರಮಾಪಕಗಳು ಮತ್ತು ಒಂದು ವಿಸ್ಕಿ ಪೀಪಾಯಿ. ಯಾವುದಕ್ಕೆ ಯಾರು ಹೆಚ್ಚು ಖುಷಿಪಟ್ಟರು ಎಂದು ಬಿಡಿಸಿ ಹೇಳಬೇಕಿಲ್ಲ. ಕಡಿಬಂಡೆ ಹತ್ತುವಾಗ ಪೊವೆಲ್ ಮೇಲೂ ಹೋಗಲಾಗದೆ, ಕೆಳಗೂ ಇಳಿಯಲಾಗದೆ ಸಿಕ್ಕಿಬಿದ್ದಾಗ, ಸಂಗಾತಿ ಬ್ರಾಡ್ಲಿ ತನ್ನ ಒಳಚಡ್ಡಿಯನ್ನೇ ಬಿಚ್ಚಿ ಹಗ್ಗದಂತೆ ಇಳಿಬಿಟ್ಟು ಎಳೆದುಕೊಂಡ ಪ್ರಸಂಗವೂ ಇದೇ ಪಯಣದ್ದು.

ಆಗಸ್ಟ್ ಹೊತ್ತಿಗೆ ಹಿಟ್ಟು ಮುಗ್ಗಲು ಹಿಡಿದಿತ್ತು. ಉಳಿದದ್ದು ಒಣ ಸೇಬು, ಕಾಫಿ. ಆಗಸ್ಟ್ 28ರಂದು ಇನ್ನೊಂದು ಭಯಾನಕ ರಭಸದ ಇಳಿಜಾರು ಎದುರಾದಾಗ ಹೌಲಂಡ್ ಸಹೋದರರು ಮತ್ತು ವಿಲಿಯಂ ಡನ್ ನದಿ ಬಿಟ್ಟು ಕಂದರ ಹತ್ತಿ ಹೋದರು. ಅವರು ಮರಳಿ ಬರಲಿಲ್ಲ, ಕೊಲೆಯಾದರು. ಕೊಂದವರು ಯಾರೆಂಬ ವಾದ ಇಂದಿಗೂ ನಿಂತಿಲ್ಲ. ದೋಣಿಯಲ್ಲೇ ಮುಂದುವರಿದ ಆರು ಜನ ಎರಡು ದಿನಗಳಲ್ಲಿ ಸುರಕ್ಷಿತವಾಗಿ ವರ್ಜಿನ್ ನದಿಯ ಸಂಗಮ ತಲುಪಿದರು. ಅಷ್ಟರಲ್ಲಿ ತಂಡವೇ ಮುಳುಗಿತೆಂದು ಪತ್ರಿಕೆಗಳು ಬರೆದಾಗಿತ್ತು.

1871-72ರಲ್ಲಿ ಅವರು ಮತ್ತೆ ಅದೇ ನದಿಗಿಳಿದರು. ಯೂಯಿಂಟಾ ಪರ್ವತ ಮೇಲೇಳುವ ಮೊದಲೇ ನದಿ ಅಲ್ಲಿತ್ತು, ನೆಲ ಏರಿದಂತೆ ನದಿ ಅದನ್ನು ಗರಗಸದಂತೆ ಕೊರೆಯಿತು ಎಂಬುದು ಅವರ ವಿವರಣೆ.

ಸಾಹಸಕ್ಕಿಂತ ತೂಕದ್ದು 1878ರ ವರದಿ. ಉಳುಮೆ ಮಾಡಿದಲ್ಲಿ ಮಳೆಯೂ ಹಿಂಬಾಲಿಸುತ್ತದೆ ಎಂದು ಜನ ನಂಬಿದ್ದ ಕಾಲವದು. ವರ್ಷಕ್ಕೆ 20 ಇಂಚಿಗಿಂತ ಕಡಿಮೆ ಮಳೆ ಬೀಳುವ ಪಶ್ಚಿಮದಲ್ಲಿ ನೀರಾವರಿಯಿಲ್ಲದೆ ಬೇಸಾಯ ನಡೆಯದು, ಇರುವ ನೀರು ನೆಲದ ಸಣ್ಣ ಪಾಲಿಗಷ್ಟೇ ಸಾಲುತ್ತದೆ ಎಂದರು ಪೊವೆಲ್. ಆಡಳಿತದ ಗಡಿಗಳೂ ಜಲಾನಯನ ಪ್ರದೇಶಗಳನ್ನೇ ಅನುಸರಿಸಲಿ ಎಂಬ ಸಲಹೆಯನ್ನೂ ಮುಂದೆ ಕೊಟ್ಟರು. 1881ರಿಂದ 1894ರವರೆಗೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ನಿರ್ದೇಶಕರಾಗಿದ್ದರೂ ಮಾತು ನಡೆಯಲಿಲ್ಲ. 1890ರಲ್ಲಿ ಸಂಸತ್ತು ಅವರ ನೀರಾವರಿ ಸಮೀಕ್ಷೆಯ ಹಣ ಕಡಿತಗೊಳಿಸಿತು. 1893ರ ಲಾಸ್ ಏಂಜಲೀಸ್ ನೀರಾವರಿ ಸಮಾವೇಶದಲ್ಲಿ, ನೀವು ನೀರಿನ ಜಗಳಗಳನ್ನೇ ಮುಂದಿನವರಿಗೆ ಬಿಟ್ಟುಹೋಗುತ್ತಿದ್ದೀರಿ ಎಂದಾಗ ಸಭಿಕರು ಕೂಗಾಡಿದರು.

1922ರ ಕೊಲೊರಾಡೊ ಒಪ್ಪಂದ, ನದಿಯಲ್ಲಿ ಸಾಮಾನ್ಯವಾಗಿ ಹರಿಯುವುದಕ್ಕಿಂತ ಹೆಚ್ಚು ನೀರನ್ನು ರಾಜ್ಯಗಳಿಗೆ ಹಂಚಿತು. ಗ್ಲೆನ್ ಕ್ಯಾನಿಯನ್ ಅಣೆಕಟ್ಟೆಯ ಹಿಂದೆ 1963ರಿಂದ ತುಂಬತೊಡಗಿದ ಜಲಾಶಯಕ್ಕೆ ಪೊವೆಲ್ ಅವರದೇ ಹೆಸರು. 2023ರ ಆರಂಭದಲ್ಲಿ ಅದರ ನೀರು, ಮೊದಲ ಬಾರಿ ತುಂಬಿದ ನಂತರದ ಅತ್ಯಂತ ಕೆಳಮಟ್ಟಕ್ಕೆ ಇಳಿಯಿತು.